ಹದಿನಾರು ಅಡಿ ಎಂಟು ಇಂಚು

ತಮ್ಮದೇ ಮನೆಯಿಂದ ಯಜಮಾನರನ್ನು ಆಚೆ ಹಾಕಿ ಆಗಲೇ ಅರ್ಧ ಗಂಟೆಯಾಗಿತ್ತು. ಹಾಕಿದ್ದು ಪೊಲೀಸರಲ್ಲ, ಕೋರ್ಟಿನವರಲ್ಲ, ದಾಯಾದಿಗಳೂ ಅಲ್ಲ. ಅವರೇ ಫೋನು ಮಾಡಿ ಕರೆಸಿ, ಅವರೇ ಕುರ್ಚಿ ಎಳೆದು ಕೂರಿಸಿ, ಮನೆ ಮಾರಿಸಿಕೊಡಿ ಎಂದು ಗೊತ್ತು ಮಾಡಿಕೊಂಡಿದ್ದ ಏಜೆಂಟಮ್ಮ. ಈಗ ಅವರು ರಸ್ತೆಯ ಆಚೆ ಬದಿಯ ಪಾರ್ಕಿನಲ್ಲಿ, ಹೆಂಡತಿಯ ಪಕ್ಕದಲ್ಲಿ, ಕಲ್ಲು ಬೆಂಚಿನ ಮೇಲೆ ಕೂತು ತಮ್ಮ ಮನೆಯ ಕಿಟಕಿಯನ್ನು ಪರರ ಸೊತ್ತಿನಂತೆ ನೋಡುತ್ತಿದ್ದರು.

"ರೀ, ಕಾಲು ಅಲ್ಲಾಡಿಸೋದು ನಿಲ್ಸಿ."

"ಇದು ಕಲ್ಲು ಬೆಂಚು ಕಣೇ. ಅಲ್ಲಾಡಲ್ಲ."

"ಬೆಂಚು ಅಲ್ಲಾಡಲ್ಲ, ನನ್ನ ತಲೆ ಅಲ್ಲಾಡ್ತಿದೆ. ಅರ್ಧ ಗಂಟೆಯಿಂದ ಅದನ್ನೇ ನೋಡ್ತಾ ಇದೀನಿ."

ಬೀದಿಯವರು ಯಜಮಾನರಿಗೆ ಇಟ್ಟಿದ್ದ ಹೆಸರು ಇಂಚುಪಟ್ಟಿ. ಮೂವತ್ತನಾಲ್ಕು ವರ್ಷ ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ಅವರು ಅಂಗಡಿಗೆ ಕಾಲಿಟ್ಟರೆ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವು ಎಂದು ಇಲಾಖೆಯಲ್ಲಿ ಹೇಳುತ್ತಿದ್ದರಂತೆ. (ಹೇಳುತ್ತಿದ್ದವರು ಅವರೇ.) ನಿವೃತ್ತಿಯಾದ ಮೇಲೂ ಅಂಗಿಯ ಎಡಜೇಬಿನಲ್ಲಿ ಒಂದು ಉಕ್ಕಿನ ಟೇಪು ಸದಾ ಇರುತ್ತಿತ್ತು. ಬೇರೆ ಗಂಡಸರು ಪೆನ್ನು ಇಟ್ಟುಕೊಳ್ಳುವ ಜಾಗ ಅದು. ಬಟ್ಟೆ ಒಣಹಾಕುವ ದಾರದಿಂದ ಹಿಡಿದು ನೆಂಟರು ತಂದ ಹಣ್ಣಿನ ಬುಟ್ಟಿಯವರೆಗೆ ಆ ಟೇಪು ಕಾಣದ ವಸ್ತು ಆ ಮನೆಯಲ್ಲಿ ಇರಲಿಲ್ಲ.

ಮನೆ ಮಾರಲು ಕಾರಣ ಹೆಂಡತಿಯ ಮಂಡಿ. ಮನೆ ಇದ್ದದ್ದು ಮೊದಲನೆಯ ಮಹಡಿಯಲ್ಲಿ, ಇಪ್ಪತ್ತೆರಡು ಮೆಟ್ಟಿಲು. ಎರಡು ಬೀದಿ ಆಚೆ ನೆಲಮಹಡಿಯ ಒಂದು ಫ್ಲ್ಯಾಟು ಸಿಕ್ಕಿತ್ತು. ಬಾಗಿಲು ತೆಗೆದರೆ ನೇರ ರಸ್ತೆ. ಆದರೆ ಅದರ ಮಾಲೀಕರು ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತೇನೆಂದಿದ್ದರು. ಅಷ್ಟರೊಳಗೆ ಈ ಮನೆ ಮಾರಿ ಹೋಗದಿದ್ದರೆ ಆ ಮನೆ ಇನ್ನೊಬ್ಬರ ಪಾಲು. ಉಳಿದಿದ್ದದ್ದು ಹನ್ನೊಂದು ದಿನ.

ಏಜೆಂಟಮ್ಮ ಕೆಲಸದಲ್ಲಿ ಚುರುಕು. ಬಂದ ದಿನವೇ ಮನೆಯನ್ನು ಒಂದು ಸುತ್ತು ಹಾಕಿ, "ಸಾರ್, ಮೊದಲು ಈ ಮನೆಯಿಂದ ನಿಮ್ಮನ್ನ ತೆಗೀಬೇಕು," ಎಂದಳು. ಯಜಮಾನರು ಗಾಬರಿಯಾದರು. ಆಕೆ ಹೇಳಿದ್ದು ಗೋಡೆಯ ಮೇಲಿನ ಅವರ ಫೋಟೋಗಳ ಮಾತು. ಇಲಾಖೆಯ ಬೀಳ್ಕೊಡುಗೆ ಫೋಟೋ, ಹಾರ ಹಾಕಿಸಿಕೊಂಡ ಫೋಟೋ, ವಶಪಡಿಸಿಕೊಂಡ ಇನ್ನೂರು ಕಳ್ಳ ತೂಕದ ಬಟ್ಟುಗಳ ಜೊತೆ ನಿಂತ ಫೋಟೋ, ಎಲ್ಲವೂ ಅಟ್ಟ ಸೇರಿದವು.

"ನೋಡೋಕೆ ಬಂದೋರು ಇಲ್ಲಿ ತಮ್ಮನ್ನ ಕಲ್ಪಿಸ್ಕೋಬೇಕು ಸಾರ್. ನಿಮ್ಮನ್ನ ನೋಡಿದ್ರೆ ಅವರಿಗೆ ಕಲ್ಪನೆ ಬರಲ್ಲ."

ಫೋಟೋಗಳ ಹಿಂದೆಯೇ ಎರಡು ಕುರ್ಚಿ, ಒಂದು ಟೀಪಾಯಿ, ಹಳೆಯ ಪತ್ರಿಕೆಗಳ ಕಟ್ಟು, ಕೊನೆಗೆ ಯಜಮಾನರ ಜೇಬಿನ ಟೇಪು ಕೂಡ ಅಟ್ಟಕ್ಕೆ ಏರಿದವು. ಮಂಕು ಬಲ್ಬುಗಳು ಹೋಗಿ ಕಣ್ಣು ಕುಕ್ಕುವ ಬಲ್ಬುಗಳು ಬಂದವು. ಜನ ಬರುವ ಐದು ನಿಮಿಷ ಮುಂಚೆ ಒಲೆಯ ಮೇಲೆ ಕಾಫಿ ಕುದಿಯಬೇಕೆಂದು ಅಪ್ಪಣೆಯಾಯಿತು. ಅದು ಕುಡಿಯಲಿಕ್ಕಲ್ಲ, ವಾಸನೆಗೆ. ಏಜೆಂಟಮ್ಮ ಹಾಲಿನ ಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಫೋನನ್ನು ನೆಲದ ಹತ್ತಿರ ಹಿಡಿದು ತೆಗೆದ ಫೋಟೋದಲ್ಲಿ ಅವರ ಹಾಲು ಮದುವೆ ಮಂಟಪದಂತೆ ಕಂಡಿತು. ಕೆಳಗೆ ಬರೆದಿತ್ತು: ಸುಮಾರು ಹದಿನೆಂಟು ಅಡಿ ಉದ್ದದ ಭವ್ಯ ಹಾಲ್.

"ಹದಿನಾರು ಅಡಿ ಎಂಟು ಇಂಚು," ಎಂದರು ಯಜಮಾನರು.

"ಸುಮಾರು ಅಂತ ಹಾಕಿದೀನಲ್ಲ ಸಾರ್."

ಸುಮಾರು. ಆ ಶಬ್ದಕ್ಕೆ ಅವರು ಮೂವತ್ತನಾಲ್ಕು ವರ್ಷ ದಂಡ ಹಾಕಿದ್ದರು. ಈಗ ಅದೇ ಶಬ್ದ ಅವರ ಮನೆಯ ವಿಳಾಸದ ಕೆಳಗೆ ಅಚ್ಚಾಗಿ ಊರೆಲ್ಲ ತಿರುಗುತ್ತಿತ್ತು. ಅವರಿಗೆ ಅನ್ನ ಸೇರಲಿಲ್ಲ.

ಮೊದಲ ಸಲ ಮನೆ ನೋಡಲು ಒಂದು ಯುವ ದಂಪತಿ ಬಂದರು. ಅವರು ಚಪ್ಪಲಿ ಬಿಡುವ ಮೊದಲೇ ಯಜಮಾನರು, "ಹಾಲು ಹದಿನೆಂಟಲ್ಲ, ಒಂದು ಅಡಿ ನಾಲ್ಕು ಇಂಚು ಕಮ್ಮಿ," ಎಂದು ಸ್ವಾಗತಿಸಿದರು. ಆಮೇಲೆ ಮೆಟ್ಟಿಲು ಎಷ್ಟು, ಸ್ನಾನದ ಮನೆಯಲ್ಲಿ ನೀರು ಒಂದು ಬಕೆಟ್ಟು ತುಂಬಲು ಎಷ್ಟು ನಿಮಿಷ, ಬೇಸಿಗೆಯಲ್ಲಿ ಎಷ್ಟು, ಎಲ್ಲವನ್ನೂ ಹೇಳಿದರು. ದಂಪತಿ ಕಾಫಿಯ ವಾಸನೆ ಮಾತ್ರ ತೆಗೆದುಕೊಂಡು ಇಳಿದು ಹೋದರು.

ಎರಡನೆಯ ಸಲ ಯಜಮಾನರು ಬಾಯಿಗೆ ಬೀಗ ಹಾಕಿಕೊಳ್ಳುತ್ತೇನೆಂದು ಹೆಂಡತಿಗೆ ಮಾತು ಕೊಟ್ಟರು. ಮಾತಿಗೆ ತಪ್ಪಲಿಲ್ಲ. ಏಜೆಂಟಮ್ಮ "ಇಪ್ಪತ್ನಾಲ್ಕು ಗಂಟೆ ನೀರು" ಎಂದಾಗ ಒಂದು ಸಲ ಕೆಮ್ಮಿದರು. "ನಿಶ್ಶಬ್ದವಾದ ಬೀದಿ" ಎಂದಾಗ ಎರಡು ಸಲ ಕೆಮ್ಮಿದರು. ಹಾಲಿನ ಉದ್ದದ ಮಾತು ಬಂದಾಗ ಕೆಮ್ಮು ಎಲ್ಲಿಯವರೆಗೆ ಹೋಯಿತೆಂದರೆ, ನೋಡಲು ಬಂದಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು, "ಈ ಮನೆ ತುಂಬಾ ಥಂಡಿ ಅಂತ ಕಾಣುತ್ತೆ, ಇವರನ್ನ ಯಾರಿಗಾದ್ರೂ ತೋರಿಸಿ," ಎಂದು ಹೇಳಿ ಹೋದಳು.

ಹೀಗಾಗಿ ಮೂರನೆಯ ಸಲಕ್ಕೆ ಗಡೀಪಾರು. ಇಬ್ಬರೂ ಪಾರ್ಕಿನಲ್ಲಿರಬೇಕು, ಏಜೆಂಟಮ್ಮ ಕಿಟಕಿಯಿಂದ ಕೈಬೀಸಿ ಕರೆಯುವವರೆಗೆ ಅಲ್ಲಾಡಬಾರದು.

ಯಜಮಾನರಿಗೆ ಅಲ್ಲಾಡದೆ ಇರುವುದು ಹುಟ್ಟಿನಿಂದ ಬಂದದ್ದಲ್ಲ. ಅವರು ಬೆಂಚನ್ನು ಗೇಣಿನಲ್ಲಿ ಅಳೆದರು. ಎದ್ದು ನಿಂತರು, ಕೂತರು. ಇದ್ದಕ್ಕಿದ್ದಂತೆ ಅವರಿಗೆ ಒಂದು ದಿವ್ಯವಾದ ಯೋಚನೆ ಹೊಳೆಯಿತು. ಹಾಲಿನ ಉದ್ದವನ್ನು ಅವರು ಯಾವತ್ತೂ ಗೋಡೆಯಿಂದ ಗೋಡೆಗೆ ಅಳೆದಿದ್ದರು. ಕಿಟಕಿಯ ಗೂಡನ್ನು ಸೇರಿಸಿಕೊಂಡರೆ? ಆ ಕಡೆ ಬಾಗಿಲ ಹೊಸ್ತಿಲನ್ನೂ ಸೇರಿಸಿಕೊಂಡರೆ? ಯಾರಿಗೆ ಗೊತ್ತು, ಹದಿನೆಂಟು ಆಗಲೂಬಹುದು. ಹಾಗೆ ಆಗಿಬಿಟ್ಟರೆ ಏಜೆಂಟಮ್ಮ ಹೇಳಿದ್ದು ಸುಳ್ಳಲ್ಲ, ಮನೆ ಮಾರಿದರೂ ಮರ್ಯಾದೆ ಉಳಿಯುತ್ತದೆ, ರಾತ್ರಿ ನಿದ್ದೆ ಬರುತ್ತದೆ.

"ಕನ್ನಡಕ ಮರೆತೆ ಕಣೇ. ಈಗ ಬಂದೆ."

"ಮೂಗಿನ ಮೇಲಿದೆ."

"ಇದಲ್ಲ. ಓದೋದು."

"ಪಾರ್ಕಲ್ಲಿ ಏನ್ ಓದ್ತೀರಿ?"

ಉತ್ತರ ಕೊಡಲು ಯಜಮಾನರು ಅಲ್ಲಿರಲಿಲ್ಲ. ಏಜೆಂಟಮ್ಮ ಗಿರಾಕಿಗಳನ್ನು ಎದುರುಗೊಳ್ಳಲು ಬೀದಿಯ ತುದಿಗೆ ಹೋಗಿದ್ದಳು. ಯಜಮಾನರು ಬೀಗ ತೆಗೆದು ಒಳಗೆ ಬಂದು, ಅಡುಗೆಮನೆಯ ಮೇಲೆ ಹಾಲಿನ ಕಡೆಗೆ ಬಾಗಿಲಿದ್ದ ಅಟ್ಟಕ್ಕೆ ಏಣಿ ಹಾಕಿ ಹತ್ತಿದರು. ಟೇಪು ತಮ್ಮದೇ ಹಾರದ ಫೋಟೋದ ಹಿಂದೆ ಬಿದ್ದಿತ್ತು. ಅದನ್ನು ಕೈಗೆ ತೆಗೆದುಕೊಂಡು ಇನ್ನೇನು ಇಳಿಯಬೇಕು, ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಯಜಮಾನರು ಕಾಲು ಒಳಕ್ಕೆಳೆದುಕೊಂಡು ಅಟ್ಟದ ಬಾಗಿಲು ಮುಚ್ಚಿಕೊಂಡರು.

ಏಜೆಂಟಮ್ಮ ಮೊದಲು ಒಳಗೆ ಬಂದು, ಒಲೆ ಹಚ್ಚಿ, ನಡುದಾರಿಯಲ್ಲಿ ನಿಂತಿದ್ದ ಏಣಿಯನ್ನು ನೋಡಿ ತುಟಿ ಕಚ್ಚಿ, ಅದನ್ನು ಮಡಚಿ ಬಾಗಿಲ ಹಿಂದೆ ಇಟ್ಟಳು. ಏಣಿ ಮನೆಯ ಅಂದ ಕೆಡಿಸುತ್ತದೆ ಎನ್ನುವುದು ಅವಳ ಕಸುಬಿನ ಪಾಠ.

ಗಿರಾಕಿಗಳು ಒಬ್ಬ ದರ್ಜಿ ಮತ್ತು ಅವನ ಹೆಂಡತಿ. ದರ್ಜಿ ಬಾಡಿಗೆ ಅಂಗಡಿ ಬಿಟ್ಟು, ಮನೆಯಲ್ಲೇ ಕತ್ತರಿಸುವ ಮೇಜು ಹಾಕಿಕೊಳ್ಳಬೇಕೆಂದಿದ್ದವನು. ಯಜಮಾನರು ಅಟ್ಟದ ಕತ್ತಲೆಯಲ್ಲಿ ಪತ್ರಿಕೆಯ ಕಟ್ಟಿನ ಮೇಲೆ ಮುದುರಿ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಇಪ್ಪತ್ನಾಲ್ಕು ಗಂಟೆ ನೀರು ಬಂತು. ನಿಶ್ಶಬ್ದವಾದ ಬೀದಿ ಬಂತು. ಗಂಟಲಲ್ಲಿ ಕೆಮ್ಮು ಏರಿತು, ನುಂಗಿದರು. ಕಾಲು ಜೋಮು ಹಿಡಿದಿತ್ತು, ಆದರೂ ಅಲ್ಲಾಡುತ್ತಿತ್ತು.

"ಇನ್ನು ಜಾಗದ ವಿಷಯಕ್ಕೆ ಬಂದ್ರೆ ಯೋಚನೆನೇ ಬೇಡ. ಬಟ್ಟೆ ಥಾನುಗಳನ್ನೆಲ್ಲ ಈ ಅಟ್ಟದಲ್ಲಿ ಇಟ್ಕೋಬಹುದು. ಒಂದಾಳು ಆರಾಮಾಗಿ ಕೂರೋವಷ್ಟು ಜಾಗ ಇದೆ," ಎಂದು ಏಜೆಂಟಮ್ಮ ಕೋಲಿನಿಂದ ಅಟ್ಟದ ಬಾಗಿಲನ್ನು ಎಳೆದಳು.

ಒಂದಾಳು ಕೂತಿತ್ತು. ಮೊಣಕಾಲು ಗಲ್ಲಕ್ಕೆ ತಾಗಿತ್ತು, ಕೈಯಲ್ಲಿ ಟೇಪಿತ್ತು, ಪಕ್ಕದಲ್ಲಿ ಹಾರ ಹಾಕಿದ ಅದೇ ಆಳಿನ ಫೋಟೋ ಇತ್ತು. ದರ್ಜಿಯ ಹೆಂಡತಿ ಫೋಟೋವನ್ನೂ ಆಳನ್ನೂ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

"ಹೇಳಿದೆನಲ್ಲ, ಆರಾಮಾಗಿ," ಎಂದಳು ಏಜೆಂಟಮ್ಮ. ಅವಳ ಕಸುಬಿಗೆ ಕೈಮುಗಿಯಬೇಕು.

ದರ್ಜಿ ಮಾತ್ರ ಹೆದರಲಿಲ್ಲ. "ನೀವೇ ಅಲ್ವಾ ಅಳತೆ ಇಲಾಖೆಯವರು? ಆವತ್ತು ಬಂದಿದ್ರಲ್ಲ ಗಂಡ ಹೆಂಡತಿ, ಅವರು ನಮ್ಮ ಗಿರಾಕಿಗಳು. ಆ ಮನೆ ಯಜಮಾನ್ರು ಕೇಳೋಕೆ ಮುಂಚೆನೇ ಕುಂದು ಕೊರತೆ ಎಲ್ಲಾ ಹೇಳಿಬಿಡ್ತಾರೆ, ಸುಳ್ಳು ಅವರ ಬಾಯಲ್ಲಿ ಬರಲ್ಲ ಅಂದ್ರು. ಅದಕ್ಕೇ ನಾನು ಬಂದಿದ್ದು. ಹೇಳಿ ಸಾರ್, ಈ ಹಾಲು ಎಷ್ಟು ಉದ್ದ ಇದೆ?"

ಆ ಕ್ಷಣಕ್ಕೆ ಸರಿಯಾಗಿ ಯಜಮಾನರ ಹೆಂಡತಿ ಬಾಗಿಲಿಗೆ ಬಂದಳು. ಗಂಡ ಕನ್ನಡಕಕ್ಕೆ ಹೋದವರು ಬರಲಿಲ್ಲವೆಂದು ಹುಡುಕಿಕೊಂಡು ಮೆಟ್ಟಿಲು ಹತ್ತಿದ್ದಳು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಒಂದು ಕೈ ಮಂಡಿಯ ಮೇಲೆ, ಮಾತಾಡಲು ಉಸಿರಿಲ್ಲ. ಅಟ್ಟದ ಎತ್ತರದಿಂದ ಯಜಮಾನರಿಗೆ ಅವಳ ಬೆವೆತ ಬೈತಲೆ ಕಾಣುತ್ತಿತ್ತು. ಹನ್ನೊಂದು ದಿನ ಎಂದು ನೆನಪಾಯಿತು. ಮೂವತ್ತನಾಲ್ಕು ವರ್ಷದ ನೌಕರಿಯನ್ನು, ಇನ್ನೂರು ಕಳ್ಳ ಬಟ್ಟುಗಳನ್ನು ಒಂದು ಗುಟುಕಿನಲ್ಲಿ ನುಂಗಿ ಅವರು ಹೇಳಿದರು:

"ಹದಿನೆಂಟು ಅಡಿ."

ದರ್ಜಿ ನೆಲವನ್ನು ಈ ಗೋಡೆಯಿಂದ ಆ ಗೋಡೆಗೆ ಒಮ್ಮೆ ನೋಡಿದ. ನಲವತ್ತು ವರ್ಷ ಜನರನ್ನು ನೋಡಿಯೇ ಅಳತೆ ಹೇಳಿದವನ ಕಣ್ಣು. "ಹದಿನಾರು ಮುಕ್ಕಾಲಿಗೆ ಒಂದು ಇಂಚು ಕಮ್ಮಿ," ಎಂದ. ಆಮೇಲೆ ನಿಧಾನವಾಗಿ, "ನೀವೂ ಹೀಗೆನಾ ಸಾರ್," ಎಂದು ಹೆಂಡತಿಗೆ ಕಣ್ಣು ಸನ್ನೆ ಮಾಡಿ ಚಪ್ಪಲಿ ಹುಡುಕತೊಡಗಿದ.

ಅಳತೆಯ ವಿಷಯದಲ್ಲಿ ಯಜಮಾನರು ಹೇಳಿದ ಮೊಟ್ಟಮೊದಲ ಸುಳ್ಳಿನ ಆಯಸ್ಸು ಹತ್ತು ಸೆಕೆಂಡು.

ಹೆಂಡತಿ ಒಳಗೆ ಬಂದು ಇದ್ದ ಒಂದೇ ಕುರ್ಚಿಯಲ್ಲಿ ಕೂತಳು. ಉಸಿರು ಸಿಕ್ಕಿತು. ಸಿಕ್ಕಿದ ಮೇಲೆ ಅವಳನ್ನು ತಡೆಯುವವರು ಯಾರೂ ಇರಲಿಲ್ಲ.

"ಅವರ ಮಾತು ಬಿಡಿ, ನಾನು ಹೇಳ್ತೀನಿ ಕೇಳಿ. ಬೆಲ್ ಒತ್ತಿದ್ರೆ ನಮ್ಮನೇಲಿ ಹೊಡ್ಕೊಳ್ಳಲ್ಲ, ಕೆಳಗಿನ ಮನೇಲಿ ಹೊಡ್ಕೊಳ್ಳುತ್ತೆ. ಇವರೇ ರಿಪೇರಿ ಮಾಡಿದ್ದು. ಅಡುಗೆಮನೆ ನಲ್ಲಿ ಉಲ್ಟಾ ತಿರುಗಿಸಬೇಕು. ಅದೂ ಇವರೇ. ಆ ಶೆಲ್ಫಲ್ಲಿ ಏನಿಟ್ರೂ ಎಡಗಡೆಗೆ ಜಾರಿ ಬಂದು ನಿಲ್ಲುತ್ತೆ. ಶೆಲ್ಫು ನೆಟ್ಟಗಿದೆ, ಗೋಡೆ ಸೊಟ್ಟ ಅಂತಾರೆ. ಬಚ್ಚಲ ಬಾಗಿಲನ್ನ ಭುಜದಲ್ಲಿ ಎತ್ತಿ ಒದ್ರೆ ಮಾತ್ರ ಮುಚ್ಚುತ್ತೆ. ಮುಂಚೆ ಸುಮ್ನೆ ಮುಚ್ತಾ ಇತ್ತು, ಆಮೇಲೆ ಇವರು ಸರಿ ಮಾಡಿದ್ರು."

"ಲೇ, ಅದೆಲ್ಲ ಯಾಕೆ ಈಗ," ಎಂದಿತು ಅಟ್ಟ.

"ನೀವು ಸುಮ್ನಿರಿ. ಮೆಟ್ಟಿಲು ಇಪ್ಪತ್ತೆರಡು. ಇವರು ಅದರ ಅಗಲ ಎತ್ತರ ಎಲ್ಲಾ ಬರೆದಿಟ್ಟಿದಾರೆ. ಹನ್ನೊಂದನೇ ಮೆಟ್ಟಿಲಲ್ಲಿ ನಾನು ನಿಂತು ಉಸಿರು ತಗೋತೀನಿ, ಆರು ವರ್ಷದಿಂದ. ಅದನ್ನ ಮಾತ್ರ ಎಲ್ಲೂ ಬರೆದಿಲ್ಲ. ನಿಮ್ಮ ಕಾಲು ಗಟ್ಟಿ ಇದ್ರೆ ತಗೊಳ್ಳಿ. ಬೆಳಕು ಮಾತ್ರ ಸಂಜೆ ಐದರವರೆಗೂ ಚೆನ್ನಾಗಿರುತ್ತೆ. ಸೂಜಿಗೆ ದಾರ ಪೋಣಿಸೋಕೆ ನನಗೆ ಇವತ್ತಿಗೂ ಕನ್ನಡಕ ಬೇಡ."

ಅಟ್ಟದ ಮೇಲೆ ಯಜಮಾನರ ಕಾಲು ಅಲ್ಲಾಡುವುದು ನಿಂತಿತ್ತು. ಹನ್ನೊಂದನೆಯ ಮೆಟ್ಟಿಲಿನ ಎತ್ತರ ಏಳು ಇಂಚು ಎಂದು ಅವರಿಗೆ ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ. ಅವರಿಗೆ ನಾಚಿಕೆಯಾಯಿತು.

ದರ್ಜಿಯ ಹೆಂಡತಿ ಕಿಟಕಿಯ ಹತ್ತಿರ ಹೋಗಿ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದಳು. "ರೀ, ಮೇಜು ಹನ್ನೆರಡು ಅಡಿ ತಾನೇ," ಎಂದಳು. ದರ್ಜಿ ಚಪ್ಪಲಿಯನ್ನು ಮತ್ತೆ ಬಿಟ್ಟ. ಮುಂದಿನದು ಏಜೆಂಟಮ್ಮನ ಕೆಲಸ. ಅವಳು ಅದುವರೆಗೆ ವಾಸನೆಗೆಂದು ಕುದಿಯುತ್ತಿದ್ದ ಕಾಫಿಯನ್ನು ಲೋಟಕ್ಕೆ ಬಗ್ಗಿಸಿ ಎಲ್ಲರಿಗೂ ಕೊಟ್ಟಳು. ಯಜಮಾನರಿಗೆ ಏಣಿಯನ್ನು ಕೊಟ್ಟಿದ್ದು ಲೋಟಗಳನ್ನು ತೊಳೆದಿಟ್ಟ ಮೇಲೆ.

ನಾಲ್ಕನೆಯ ದಿನ ಕರಾರು ಪತ್ರ ಬಂತು. ಜೊತೆಗೆ ಮನೆಯಲ್ಲೇ ಬಿಟ್ಟುಹೋಗುವ ಸಾಮಾನಿನ ಪಟ್ಟಿ. ಏಜೆಂಟಮ್ಮ ಹೆಂಡತಿಯನ್ನು ಕೂರಿಸಿಕೊಂಡು ಬರೆದದ್ದು. ಯಜಮಾನರು ಕನ್ನಡಕ ಹುಡುಕುತ್ತಿದ್ದಂತೆ ಹೆಂಡತಿ, "ಸಹಿ ಹಾಕಿ. ಓದೋದು ಆಮೇಲೆ," ಎಂದಳು. ಜೀವಮಾನದಲ್ಲಿ ಮೊದಲ ಸಲ ಅವರು ಓದದೆ ಸಹಿ ಹಾಕಿದರು. ಅವಳ ಮಾತು ಕೇಳುವುದೆಂದು ಅಟ್ಟದ ಮೇಲೇ ತೀರ್ಮಾನ ಮಾಡಿದ್ದರು.

ತಿಂಗಳ ಕೊನೆಗೆ ಇಬ್ಬರೂ ನೆಲಮಹಡಿಯ ಮನೆಗೆ ಬಂದರು. ಆ ಮನೆಯ ಜಾಹೀರಾತಿನಲ್ಲಿ ಹಾಲು ಸುಮಾರು ಹದಿನೈದು ಅಡಿ ಎಂದಿತ್ತು. ಸಾಮಾನು ಇಳಿಸಿದ್ದೇ ತಡ, ಯಜಮಾನರ ಕೈ ಎಡಜೇಬಿಗೆ ಹೋಯಿತು. ಜೇಬು ಖಾಲಿ. ಡಬ್ಬಗಳನ್ನು ಬಿಚ್ಚಿದರು, ಫೋಟೋಗಳ ಹಿಂದೆ ಹುಡುಕಿದರು. ಕೊನೆಗೆ ಪಟ್ಟಿಯನ್ನು ತೆಗೆದು ಓದಿದರು. ಫ್ಯಾನು ಎರಡು. ಬಲ್ಬು ಆರು. ಏಣಿ ಒಂದು. ಅದರ ಕೆಳಗೆ, ಹೆಂಡತಿಯ ದುಂಡನೆಯ ಅಕ್ಷರದಲ್ಲಿ: ಉಕ್ಕಿನ ಟೇಪು ಒಂದು.

"ನನ್ನ ಟೇಪನ್ನ ಮಾರಿಬಿಟ್ಟೆಯಾ?"

"ಮಾರಿಲ್ಲ. ಮನೆ ಜೊತೆ ಸೇರಿಸಿ ಕೊಟ್ಟೆ. ದರ್ಜಿಗೆ ಇಷ್ಟ ಆಯ್ತು." ಹೊಸ ಮನೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಅವಳು ರಸ್ತೆ ನೋಡುತ್ತಿದ್ದಳು. "ಇಲ್ಲಿಂದ ರಸ್ತೆಗೆ ಎಷ್ಟು ಮೆಟ್ಟಿಲು ಹೇಳಿ?"

"ಒಂದೂ ಇಲ್ಲ."

"ಅಷ್ಟು ಅಳತೆ ಸಾಕು. ಬಂದು ಕೂತ್ಕೊಳ್ಳಿ."

ಯಜಮಾನರು ಬಂದು ಅವಳ ಪಕ್ಕದಲ್ಲಿ ಕೂತರು. ಒಂದು ನಿಮಿಷ ರಸ್ತೆಯನ್ನು ನೋಡಿದರು. ಕಾಲು ಅಲ್ಲಾಡತೊಡಗಿತು. ಕಣ್ಣು ಮೆಲ್ಲಗೆ ಹಿಂದಕ್ಕೆ ತಿರುಗಿ ನೆಲದ ಹಾಸುಗಲ್ಲುಗಳ ಮೇಲೆ ನಡೆಯಿತು. ಒಂದೊಂದು ಕಲ್ಲು ಎರಡು ಅಡಿ. ಒಂದು, ಎರಡು, ಮೂರು... ಆರೂವರೆ. ಅವರ ಗಂಟಲಲ್ಲಿ ಏನೋ ಏರಿ ಬಂತು.

"ಹದಿಮೂರು ಅಂತ ನನಗೆ ಮೊದಲೇ ಗೊತ್ತು," ಎಂದಳು ಹೆಂಡತಿ, ರಸ್ತೆಯಿಂದ ಕಣ್ಣು ತೆಗೆಯದೆ. "ಕೆಮ್ಮಬೇಡಿ."