ಕಿರುಬೆರಳಿನ ಕೊಂಡಿ

ಗಾಲ್ಫ್ ಲೋಕವನ್ನು ಒಂದೇ ವಾರದಲ್ಲಿ ಗಡಗಡ ನಡುಗಿಸಿಬಿಡುತ್ತೇನೆಂದು ನಾನು ಪಣ ತೊಟ್ಟದ್ದು ಆರ್.ಟಿ. ನಗರದ ನಮ್ಮ ಮೊದಲನೇ ಮಹಡಿಯ ಹಾಲಿನಲ್ಲಿ, ಟೀಪಾಯಿಯನ್ನು ಗೋಡೆಗೆ ತಳ್ಳಿದ ಮೇಲೆ. ಬೀಗರಾದ ತ್ರಿವಿಕ್ರಮರಾಯರು ತಮ್ಮ ಹಳೆಯ ಕ್ಲಬ್ಬೊಂದನ್ನು ಕೊಟ್ಟಿದ್ದರು. ಕ್ಲಬ್ ಎಂದರೆ ಇಲ್ಲಿ ಹೊಡೆಯುವ ಕೋಲು, ಇಸ್ಪೀಟಾಡುವ ಜಾಗವಲ್ಲ. "ಭಾನುವಾರ ಹೆಬ್ಬಾಳದ ಕಡೆ ಬನ್ನಿ, ನಿಮ್ಮ ಕೈಗುಣ ನೋಡೋಣ" ಎಂದಿದ್ದರು.

"ಎಲ್ಲಾ ಇರೋದು ಗ್ರಿಪ್ಪಿನಲ್ಲಿ ಕಣೇ," ಎಂದು ಮಡದಿ ಕೃಷ್ಣವೇಣಿಗೆ ಉಪದೇಶಿಸಿದೆ. "ಎಡಗೈ ಮೇಲೆ, ಬಲಗೈ ಕೆಳಗೆ. ಬಲಗೈ ಕಿರುಬೆರಳು ಎಡಗೈ ತೋರುಬೆರಳಿಗೆ ಕೊಂಡಿ ಹಾಕ್ಬೇಕು. ಹಿಡಿತ ಮಾತ್ರ ಹಣ್ಣಾದ ಸಪೋಟ ಹಿಡಿದಷ್ಟು ಹಗುರ. ಒಟ್ನಲ್ಲಿ ಪಾಣಿಗ್ರಹಣ."

"ಹಗುರ ಹಿಡಿಯೋದು ನಿಮಗೆ ಗೊತ್ತಾ? ನನ್ನ ಕೈನ ಮೆಜೆಸ್ಟಿಕ್ ಬಸ್ಸಿನ ಕಂಬಿ ಥರ ಹಿಡೀತೀರಿ."

ಇದು ನಮ್ಮ ಮನೆಯ ಹಳೇ ವ್ಯಾಜ್ಯ. ಮಂಡಿ ಆಪರೇಷನ್ ಆದಮೇಲೆ ಅವಳು ಮೆಟ್ಟಿಲಿಳಿದೇ ಇರಲಿಲ್ಲ. ವಾಕರ್ ಬಿಟ್ಟು ಯಾರದಾದರೂ ಕೈ ಹಿಡಿದು ಇಳಿಯಿರಿ ಎಂದಿದ್ದರು ಡಾಕ್ಟರು. ಎಲ್ಲಿ ಬೀಳಿಸಿಬಿಡುತ್ತೇನೋ ಎಂಬ ಭಯಕ್ಕೆ ನನ್ನ ಕೈ ತಾನಾಗಿಯೇ ಇಕ್ಕಳವಾಗುತ್ತಿತ್ತು. ಅವಳು "ಬೆರಳು ಮುರೀತು" ಎಂದು ವಾಪಸ್ಸು. ಸಂಜೆ ಕೆಳಮನೆಯ ಮುನಿಯಲ್ಲಮ್ಮನ ಜಗುಲಿಯಲ್ಲಿ ಹೆಂಗಸರು ನಗುವಾಗ ಇವಳು ಕಿಟಕಿ ಸರಳು ಹಿಡಿದು ನಿಂತಿರುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ಅಂದೂ ಅವಳ ಮಂಡಿಗೆ ಎಣ್ಣೆ ತಿಕ್ಕಿ, ನೇರವಾಗಿ ಕೋಲೆತ್ತಿಕೊಂಡೆ.

"ಕೈ ತೊಳ್ಕೊಳ್ರೀ."

"ಚಾಂಪಿಯನ್ನರಿಗೆ ಅಷ್ಟೆಲ್ಲಾ ಟೈಮಿರಲ್ಲ."

ಬೀಸಿದೆ! ಹಿಡಿತ ಬಲು ಹಗುರವಾಗಿತ್ತು. ಎಷ್ಟು ಹಗುರವೆಂದರೆ, ಬೀಸು ಮುಗಿಯುವ ಹೊತ್ತಿಗೆ ನನ್ನ ಕೈಯಲ್ಲಿ ಎಣ್ಣೆ ಮಾತ್ರ ಉಳಿದಿತ್ತು. ಕೋಲು ಯಲಹಂಕದ ವಿಮಾನಗಳೂ ನಾಚುವಂತೆ ಬಾಲ್ಕನಿ ದಾಟಿತು. ಕೆಳಗೆ ಢಣ್ ಎಂಬ ಸದ್ದು. ಹಿಂದೆಯೇ ಮುನಿಯಲ್ಲಮ್ಮನ ದನಿ: "ಯಾರ್ರೀ ಅದು ಕೋಲ್ ಎಸ್ದೋರು? ಇಂಗಾ ಮಾಡೋದು? ಸಂಡಿಗೆ ಇಟ್ಟೆಲ್ಲಾ ನೆಲಕ್ಕೋಯ್ತು."

ನಾನು ಸೋಫಾದ ಹಿಂದೆ ಅವಿತು ಪಿಸುಗುಟ್ಟಿದೆ. "ನಾನು ಊರಲ್ಲೇ ಇಲ್ಲ ಅಂದ್ಬಿಡೇ."

"ಏಳಿ ಮೇಲೆ. ಇಬ್ಬರೂ ಹೋಗಿ ತಪ್ಪಾಯ್ತು ಅಂತ ಹೇಳಿ ಬರೋಣ."

ನೋಡುತ್ತೇನೆ, ವಾಕರ್ ಬಾಗಿಲ ಬಳಿ ಒಂಟಿಯಾಗಿ ನಿಂತಿದೆ, ಇವಳು ಮೆಟ್ಟಿಲ ತುದಿಯಲ್ಲಿ ಕೈ ಚಾಚಿದ್ದಾಳೆ. ಒತ್ತಿ ಹಿಡಿಯೋಣವೆಂದರೆ ಎಣ್ಣೆ ಬಿಡಬೇಕಲ್ಲ! ಜಾರಿದ ಬೆರಳುಗಳಲ್ಲಿ ಕೊನೆಗೆ ಉಳಿದದ್ದು ಅವಳ ಕಿರುಬೆರಳು, ನನ್ನ ತೋರುಬೆರಳಿಗೆ ಕೊಂಡಿಯಾಗಿ. ಒಂದೊಂದೇ ಮೆಟ್ಟಿಲು. ನಾನು ಉಸಿರಾಡುವುದನ್ನೂ ಮುಂದೂಡಿದ್ದೆ. ಕೊನೆಯ ಮೆಟ್ಟಿಲು ಬಂದಾಗ ಎದೆಯುಬ್ಬಿಸಿದೆ.

"ನೋಡಿದ್ಯಾ ನನ್ನ ಗ್ರಿಪ್ಪು? ನನ್ನ ಕೈ ಹಿಡ್ಕೊಂಡು ನೀನು ಇಳಿದೇಬಿಟ್ಟೆ."

ಕೃಷ್ಣವೇಣಿ ತನ್ನ ಇನ್ನೊಂದು ಕೈಯತ್ತ ಕಣ್ಣು ಹಾಯಿಸಿದಳು. "ಬೀಳ್ಬಾರ್ದು ಅಂತ ಹಿಡ್ಕೊಂಡಿರೋದು ಮೆಟ್ಟಿಲ ಕಂಬಿ ಕಣ್ರೀ. ನಿಮ್ಮನ್ನ ಹಿಡ್ಕೊಂಡಿರೋದು ಓಡಿಹೋಗ್ಬಾರ್ದು ಅಂತ."