ಕೆಂಚನ ಚೀಟಿ

ದೊಡ್ಡಉಳ್ಳಾರ್ತಿಯ ನಾಗೇಂದ್ರಪ್ಪನಿಗೆ ಸೂಜಿ ಎಂದರೆ ಹುಟ್ಟುವೈರಿ. ಕಾಲಿಗೆ ಮೊಳೆ ಚುಚ್ಚಿದಾಗ ಧನುರ್ವಾಯು ಸೂಜಿಗೆಂದು ಹೋಗಿ, ಆಸ್ಪತ್ರೆಯ ಹಿಂದಿನ ಗೋಡೆ ಹಾರಿ ಬಂದ ವೀರ ಅವನು. (ಹಾರಿದ ಜಾಗದಲ್ಲಿ ಇನ್ನೊಂದು ಮೊಳೆ ಚುಚ್ಚಿತೆಂಬುದು ಹೆಂಡತಿ ಸೂರಮ್ಮನ ಹೇಳಿಕೆ. ಅದನ್ನು ಅವನು ಒಪ್ಪುವುದಿಲ್ಲ.) ಇಂಥವನ ಕೈಗೆ ಎರಡು ನಾಯಿಮರಿಗಳ ಜೀವ ಒಪ್ಪಿಸಿದ್ದು ಸೂರಮ್ಮನದೇ ತಪ್ಪು ಎಂಬ ವಾದವೊಂದು ಅವನಲ್ಲಿದೆ. ಅದನ್ನು ಬಾಯಿ ಬಿಟ್ಟು ಹೇಳುವ ಧೈರ್ಯವಿಲ್ಲ, ಅಷ್ಟೇ.

ತೊಂಬತ್ತೆಂಟರ ಬೇಸಿಗೆ. ರಕ್ತಭೇದಿ ಹತ್ತಿ ಊರಿನ ನಾಯಿಮರಿಗಳು ಒಂದೊಂದೇ ಸಾಯುತ್ತಿದ್ದವು. ಇವರ ಮನೆಯಲ್ಲಿ ಹುಲ್ಲುಗಾವಲಿನ ಕುರಿಗಾರರು ಕೊಟ್ಟ ಎರಡು ಮರಿಗಳಿದ್ದವು. ಕರಿಯ ಮಹಾ ಪುಂಡ. ನಾಗೇಂದ್ರಪ್ಪನ ಎರಡು ಜೊತೆ ಚಪ್ಪಲಿ ಆಗಲೇ ಅದರ ಹೊಟ್ಟೆ ಸೇರಿದ್ದವು. ಕೆಂಚು ಬಣ್ಣದ ಕೆಂಚ ಮಾತ್ರ ಅವನ ಮಡಿಲು ಬಿಟ್ಟು ಬೇರೆಲ್ಲೂ ಮಲಗದ ಸಾಧು. ಚಳ್ಳಕೆರೆಯಲ್ಲಿ ಯಾವುದೋ ಸಂಘದವರು ಮರಿಗಳಿಗೆ ಸೂಜಿ ಹಾಕಿ, ಹೆಸರು ಬರೆದ ಚೀಟಿ ಕೊಡುತ್ತಾರೆಂದು ತಿಳಿದದ್ದೇ ಸೂರಮ್ಮ ಎರಡನ್ನೂ ಬಿದಿರಿನ ಮಂಕರಿಯಲ್ಲಿ ಕೂರಿಸಿ ಗಂಡನ ಕೈಗಿತ್ತಳು.

"ಎರಡು ಮರಿ, ಎರಡು ಚೀಟಿ. ಚೀಟಿ ನೋಡ್ದೆ ಊಟ ಇಕ್ಕಲ್ಲ."

"ನನ್ ಮ್ಯಾಲೆ ನಂಬ್ಕೆ ಇಲ್ವೇನೆ?"

"ಗೋಡೆ ಹಾರಿದೋರ್ನ ಹೆಂಗ್ರಿ ನಂಬೋದು?"

ಶಿಬಿರದಲ್ಲಿ ಮೊದಲು ಕರಿಯನ ಸರದಿ. ಸೂಜಿ ತಾಗಿದ್ದೇ ತಡ, ಪೇಟೆಗೆಲ್ಲ ಕೇಳುವಂತೆ ಅರಚಿತು. ಮಂಕರಿಯಲ್ಲಿದ್ದ ಕೆಂಚ ನಡುಗುತ್ತಾ ನಾಗೇಂದ್ರಪ್ಪನ ಹೆಬ್ಬೆರಳು ನೆಕ್ಕಿತು. ಅದನ್ನು ಎತ್ತಿ ಸೂಜಿಗೆ ಒಡ್ಡಲು ಅವನಿಗೆ ಮನಸ್ಸಾಗಲಿಲ್ಲ. ಮಡಿಲು ಬಿಟ್ಟಿಳಿಯದ ಮರಿಗೆ ರೋಗ ಎಲ್ಲಿಂದ ಬರಬೇಕು? ಆದರೆ ಎರಡನೇ ಚೀಟಿ? ಆಗ ಹೊಳೆಯಿತು ಆ ಮಹೋನ್ನತ ಉಪಾಯ. ಕರಿಯನಿಗೆ ಟವೆಲ್ ಸುತ್ತಿಕೊಂಡು ಮತ್ತೆ ಸಾಲಿನ ಕೊನೆಯಲ್ಲಿ ನಿಂತ.

"ಇದು ಆಗಲೇ ಬಂದಿತ್ತಲ್ಲವಾ ಯಜಮಾನ್ರೇ?" ಎಂದರು ಡಾಕ್ಟರು.

"ಇಲ್ಲ ಸಾ, ಇದು ಅದ್ರ ಅವಳಿ ತಮ್ಮ. ಕೆಂಚ ಅಂತ ಬರ್ಕಳ್ರಿ."

"ಕರೀ ಮರಿಗೆ ಕೆಂಚ ಅಂತ ಹೆಸರಾ?"

"ನಮ್ ಮನ್ಯಾಗೆ ಹಂಗೇ ಸಾ."

ಎರಡನೇ ಸೂಜಿ ಇಳಿಯುವಾಗ ಕರಿಯ ಅರಚಲಿಲ್ಲ. ಸುಮ್ಮನೆ ನಾಗೇಂದ್ರಪ್ಪನ ಮುಖವನ್ನೇ ನೋಡಿತು. ಮನೆಗೆ ಬಂದು ಎರಡು ಚೀಟಿ ತೋರಿಸಿ ಅವನು ಗಡದ್ದಾಗಿ ಊಟ ಮಾಡಿದ.

ಎರಡು ವಾರಕ್ಕೆ ಕೆಂಚ ರಕ್ತಭೇದಿ ಹತ್ತಿ ಹಾಲು ಕುಡಿಯುವುದನ್ನು ಬಿಟ್ಟಿತು. ಮೂರನೇ ದಿನ ಅದೇ ಮಡಿಲಲ್ಲಿ ಸತ್ತಿತು. ನಾಗೇಂದ್ರಪ್ಪ ಬೇವಿನ ಮರದಡಿ ಗುಂಡಿ ತೋಡಿ ಹೂತು, ಕೈ ತೊಳೆಯುವುದನ್ನೂ ಮರೆತು ಕೂತ. ಒಂದು ಸೂಜಿಯ ನೋವು ತಪ್ಪಿಸಲು ಹೋಗಿ ಜೀವವನ್ನೇ ತೆಗೆದೆನಲ್ಲ ಎಂದು ತನ್ನನ್ನೇ ಬೈದುಕೊಂಡ. ಅಷ್ಟರಲ್ಲಿ ಸೂರಮ್ಮ ಕಣ್ಣೊರೆಸಿಕೊಂಡು ಕೆಂಚನ ಚೀಟಿ ಹಿಡಿದು ಹೊರಟಳು.

"ಸೂಜಿ ಹಾಕಿದ್ರೂ ಸತ್ತೈತೆ ಅಂದ್ರೆ ಅದೇನು ಮದ್ದೋ, ನೀರೋ. ಆ ಡಾಕ್ಟ್ರನ್ನ ಹುಡುಕಿ ಕೇಳ್ದೆ ಬಿಡಲ್ಲ."

ಬಸ್ ನಿಲ್ಲುವ ಕಟ್ಟೆಯವರೆಗೂ ನಾಗೇಂದ್ರಪ್ಪ ಅವಳ ಹಿಂದೆಯೇ ಹೋದ. ಬಸ್ಸು ಬಂದು ನಿಂತು, ಅವಳು ಮೆಟ್ಟಿಲ ಮೇಲೆ ಕಾಲಿಟ್ಟಾಗ ಸೆರಗು ಹಿಡಿದುಕೊಂಡ.

"ಡಾಕ್ಟ್ರುದು ತಪ್ಪಿಲ್ಲ ಕಣೇ," ಎಂದು ಟವೆಲ್ಲು, ಅವಳಿ ತಮ್ಮ, ಎಲ್ಲವನ್ನೂ ಹೇಳಿಬಿಟ್ಟ. ಬಸ್ಸು ಹೋಯಿತು. ಸಾರಿಗೆ ಉಪ್ಪು ಕಮ್ಮಿ ಎಂದರೆ ಮೂರು ದಿನ ಜಗಳವಾಡುವ ಹೆಂಗಸು ಕೆಂಚನ ಚೀಟಿಯನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

"ಅದ್ರ ಮ್ಯಾಲೆ ಪ್ರೀತಿ ಜಾಸ್ತಿ ಆಗಿತ್ತು ಕಣೇ."

"ಕರಿಯ ಪುಣ್ಯ ಮಾಡಿತ್ತು ಬಿಡ್ರಿ," ಎಂದಳು ಸೂರಮ್ಮ. "ನಿಮ್ ಪ್ರೀತಿಗೆ ಬೀಳ್ಲಿಲ್ಲ."

ಎರಡು ವರ್ಷ ಕಳೆದು ಕರಿಯ ಈಗ ಗಟ್ಟಿಮುಟ್ಟಾದ ನಾಯಿ. ಪಾತ್ರೆ ಮಾರುವವರಿಗೂ, ಅಳಿಯನಿಗೂ ಬಾಲ ಅಲ್ಲಾಡಿಸಿ ಒಳಗೆ ಬಿಡುತ್ತದೆ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬರುವ ಮನೆಯ ಯಜಮಾನನಿಗೆ ಮಾತ್ರ ಹಲ್ಲು ಕಿರಿದು ಅಡ್ಡ ನಿಲ್ಲುತ್ತದೆ. ದಿನಾ ಸಂಜೆ ನಾಗೇಂದ್ರಪ್ಪ ಬಾಗಿಲಾಚೆ ನಿಂತು ಕೂಗಬೇಕು.

"ಸೂರೀ, ಇದನ್ನ ಚೂರು ಹಿಡ್ಕಳೇ."

"ಕೈಯೆಲ್ಲಾ ಹಿಟ್ಟಾಗೈತೆ," ಎಂದು ಒಳಗಿನಿಂದ ಉತ್ತರ ಬರುತ್ತದೆ. "ಅದ್ರ ಅವಳಿ ತಮ್ಮನ್ನ ಕರ್ಕಳ್ರಿ."

ಬೇವಿನ ಮರದ ಕಡೆ ನೋಡಿ ನಾಗೇಂದ್ರಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಾನೆ. ಟವೆಲ್ ಕೈಗೆ ಬಂದದ್ದು ಕಂಡು ಕರಿಯ ಇನ್ನಷ್ಟು ಜೋರಾಗಿ ಬೊಗಳುತ್ತದೆ.