ಗೋಡೆಗೊರಗಿದ ಹಿಮದ ಹಲಗೆ

2004ರ ಮೇ 16, ಭಾನುವಾರ. ಡೈರಿಯಲ್ಲಿ ಹೀಗೆ ಬರೆದಿದ್ದೇನೆ: "ಇವರು ಕಳವಾ ಸ್ಟೇಷನ್ನಿನ ಹತ್ತಿರದ ಗುಜರಿ ಅಂಗಡಿಯಿಂದ ಒಂದು ಜೊತೆ ಹಳೇ ಮರದ ಸ್ಕೀ ತಂದರು. ಹಿಮದ ಮೇಲೆ ಜಾರಲಿಕ್ಕಂತೆ. ಡೊಂಬಿವಲಿಯಲ್ಲಿ ಫ್ಯಾನು ಐದರಲ್ಲಿದ್ದರೂ ಬೆವರು." ನಮ್ಮ ಯಜಮಾನರಿಂದ ಇಂಥದ್ದು ಆಗುತ್ತಲೇ ಇರುತ್ತದೆ, ಬರೆದಿಡುವವಳು ನಾನೊಬ್ಬಳೇ. ಬಿ.ಎ. ಓದಿದ್ದಕ್ಕೆ ಅಷ್ಟಾದರೂ ಉಪಯೋಗ ಬೇಡವೇ?

ಲಗೇಜ್ ಡಬ್ಬಿ

ಆಳಿಗಿಂತ ಉದ್ದದ ಹಲಗೆಗಳು, ತುದಿ ಮೇಲಕ್ಕೆ ಬಾಗಿದೆ. ನಡುವೆ ಪಾದ ಹಿಡಿಯಲು ಕಬ್ಬಿಣದ ಬಾಯಿ, ಹಿಮ್ಮಡಿ ಬಿಗಿಯಲು ತೊಗಲಿನ ಪಟ್ಟಿ. ಲೋಕಲಿನ ಲಗೇಜ್ ಡಬ್ಬಿಯಲ್ಲಿ ಮೀನು ಮಾರುವ ಹೆಂಗಸು ಕೇಳಿದಳಂತೆ, "ಕಾಯ್ ಹೋ ಭಾವೂ, ಇದೇನು?"

"ಬರ್ಫದ ಮೇಲೆ ಹೋಗಲಿಕ್ಕೆ, ಮಾವಶಿ."

ಆಕೆ ತನ್ನ ಮೀನಿನ ಬುಟ್ಟಿಯ ಮುಚ್ಚಳ ಎತ್ತಿ, ಕರಗುತ್ತಿದ್ದ ಐಸು ತೋರಿಸಿದಳು. "ಇಷ್ಟೇ ಉಳಿದಿರೋದು. ಸಾಕಾ?"

ಸಂಡಿಗೆ

ಹಾಲಿನಲ್ಲಿ ಖಾಲಿ ಇದ್ದದ್ದು ಒಂದೇ ಗೋಡೆ. ಅದು ನನ್ನ ಪುಸ್ತಕದ ಕಪಾಟಿಗೆಂದು ಮೀಸಲಿಟ್ಟದ್ದು. ಪುಸ್ತಕಗಳು ಮದುವೆಯಾದಂದಿನಿಂದ ಮಂಚದಡಿಯ ಟ್ರಂಕಿನಲ್ಲೇ ಇದ್ದವು. ಆ ಗೋಡೆಗೆ ಸ್ಕೀ ಒರಗಿ ನಿಂತಿತು.

"ಒಳ್ಳೆ ಗಿರಾಕಿ ಸಿಗಲಿ, ಮಾರಿ ನಿನಗೆ ಸಾಗುವಾನಿ ಕಪಾಟೇ ಮಾಡಿಸ್ತೇನೆ" ಎಂದರು ಇವರು.

ಉಡುಪಿಯ ನಮ್ಮ ಅತ್ತೆ, ಮನೆಯೊಳಗೆ ಚರ್ಮ ಬಂತೆಂದು ಮಗನ ಹತ್ತಿರ ಮಾತುಬಿಟ್ಟರು. ಒಂದು ಬೆಳಿಗ್ಗೆ ನೋಡಿದರೆ ಸ್ಕೀ ಕಾಣೆ. ಟೆರೇಸಿನಲ್ಲಿ ಎರಡು ಬಕೆಟ್ಟುಗಳ ಮೇಲೆ ಅಡ್ಡ ಮಲಗಿಸಿ, ಸಾಲಾಗಿ ಸಂಡಿಗೆ ಇಟ್ಟಿದ್ದಾರೆ!

"ಅತ್ತೆ, ಚರ್ಮ ಇದೆಯಲ್ಲ?"

"ಅದು ಕಾಲಿಡುವ ಜಾಗ. ನಾನು ಮೂತಿಯ ಕಡೆ ಇಟ್ಟದ್ದು."

ಗಿರಾಕಿ

ಅಂತೂ ಬೇಲಾಪುರದಿಂದ ಹಳೇ ವಸ್ತು ಕೂಡಿಡುವ ಮರಾಠಿಯವರೊಬ್ಬರು ನೋಡಲು ಬರುತ್ತೇನೆಂದರು. ನಾನು ಆಗಲೇ ಕಪಾಟಿಗೆ ಗೋಡೆಯ ಅಳತೆ ತೆಗೆದೆ.

ಹಾಕಿಯೇ ತೋರಿಸೋಣವೆಂದು ಇವರು ಸ್ಕೀ ಮೇಲೆ ನಿಂತರು. ಮನೆಯೊಳಗೆ ಬೂಟು ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಬೂಟಿನ ಅಳತೆಯ ಕಬ್ಬಿಣದೊಳಗೆ ಬರಿಗಾಲು ಎರಡೂ ಸಲೀಸಾಗಿ ನುಗ್ಗಿ ಸಿಕ್ಕಿಕೊಂಡವು. ಹಿಂದೆ ಎಳೆಯೋಣವೆಂದರೆ ಹಿಮ್ಮಡಿಯ ಪಟ್ಟಿ ಅಡ್ಡ. ಅದರ ಕೊಂಡಿಗೆ ತುಕ್ಕು. ಸ್ಕೀಯ ಮೂತಿ ಅಡುಗೆಮನೆಯಲ್ಲಿ, ಬಾಲ ದಿವಾನದಡಿ. ತಿರುಗುವಂತಿಲ್ಲ, ಕೂರುವಂತಿಲ್ಲ. ಅಷ್ಟರಲ್ಲಿ ಬೆಲ್ಲಾಯಿತು.

ಗಿರಾಕಿ ಬಾಗಿಲಲ್ಲೇ ಹೌಹಾರಿದರು. "ಬೂಟಿಲ್ಲದೆ ಯಾರಾದರೂ ಇದರಲ್ಲಿ ಕಾಲಿಡುತ್ತಾರಾ?"

"ಮನೆಯೊಳಗೆ ಬೂಟಾ?" ಎಂದರು ಇವರು, ಆ ನೋವಿನಲ್ಲೂ.

ಕೊಬ್ಬರಿ ಎಣ್ಣೆ ಸುರಿದೆ. ಕಾಲು ಬಾತುಕೊಂಡಿತೇ ಹೊರತು ಬರಲಿಲ್ಲ. ಕತ್ತರಿ ತಂದೆ.

"ವಹಿನಿ, ಬೇಡ!" ಗಿರಾಕಿ ನನ್ನನ್ನು ತಡೆದರು. "ಪಟ್ಟಿ ಅಸಲಿ. ಬೆಲೆಯೆಲ್ಲ ಅದಕ್ಕೇ. ಅದಿಲ್ಲದಿದ್ದರೆ ಇದು ಬರೀ ಹಲಗೆ."

"ಕತ್ತರಿಸಬೇಡ ಮಾರಾಯ್ತಿ, ನಿನ್ನ ಕಪಾಟು ಹೋಗ್ತದೆ!" ಎಂದರು ಇವರೂ.

ಆಗ ಅತ್ತೆ ಬಾಯಿಬಿಟ್ಟರು: "ಪಟ್ಟಿ ಕತ್ತರಿಸಬಾರದಂತಾದರೆ ಇವನನ್ನೂ ಸೇರಿಸಿ ಕೊಂಡುಹೋಗಲಿ. ಬೆಲೆ ಅದೇ."

ನಾನು ಅದನ್ನು ಚಾಚೂ ತಪ್ಪದೆ ಹಿಂದಿಯಲ್ಲಿ ಹೇಳಿದೆ. ಗಿರಾಕಿ ಇವರನ್ನು ಮೇಲಿಂದ ಕೆಳಗೆ ನೋಡಿ, ಚಹಾ ಕೂಡ ಕುಡಿಯದೆ ಹೊರಟುಹೋದರು. ನಾನು ಎರಡೂ ಪಟ್ಟಿ ಕತ್ತರಿಸಿದೆ.

ಬರೀ ಹಲಗೆ ತಾನೇ? ಬಡಗಿಯನ್ನು ಕರೆಸಿ, ಎರಡನ್ನೂ ಜೋಡಿಸಿ ಅದೇ ಗೋಡೆಗೆ ಹೊಡೆಸಿದೆ. ಟ್ರಂಕಿನ ಪುಸ್ತಕಗಳೆಲ್ಲ ಈಗ ಅದರ ಮೇಲಿವೆ. ಮೂತಿ ಬಾಗಿರುವುದರಿಂದ ಕೊನೆಯ ಪುಸ್ತಕ ಬೀಳುವುದಿಲ್ಲ.

ಒಟ್ಟು ತಗಲಿದ್ದು: ತೊಗಲಿನ ಪಟ್ಟಿ ಎರಡು, ಕೊಬ್ಬರಿ ಎಣ್ಣೆ ಅರ್ಧ ಬಾಟಲಿ, ಇವರ ರಜೆ ಒಂದು ವಾರ, ಬಡಗಿಗೆ ಇನ್ನೂರು ರೂಪಾಯಿ.